ಹೊಸ ಟೀಚರ್‌ಗಳಿಗೆ ಮೆಂಟರಿಂಗ್ ಸರ್ವಿಸ್: ಮೆಂಟರ್‌ಗೆ ಪೂರ್ತಿ ಮಾರ್ಕ್ಸು, ಆ್ಯಪ್‌ಗೆ ಅಷ್ಟಕ್ಕಷ್ಟೆ

ನಮ್ಮ ಸ್ಕೂಲಲ್ಲಿ ಟೈಮ್‌ಟೇಬಲ್ ಹಾಕೋದು, ಯಾರಾದ್ರೂ ರಜೆ ಹಾಕಿದ್ರೆ ಸಬ್‌ಸ್ಟಿಟ್ಯೂಷನ್ ನೋಡೋದು, ಹೊಸದಾಗಿ ಸೇರಿದವ್ರನ್ನ ವಿಚಾರಿಸ್ಕೊಳ್ಳೋದು ಎಲ್ಲ ನನ್ನ ಕೆಲಸ. ಕಳೆದ ವರ್ಷ ಹೊಸ ಟೀಚರ್‌ಗಳಿಗೆ ಅಂತ ಒಂದು ಮೆಂಟರಿಂಗ್ ಸರ್ವಿಸ್ ತಗೊಂಡ್ವಿ, ಅದನ್ನ ಶುರುವಿಂದ ಕೊನೆವರೆಗೂ ಹತ್ತಿರದಿಂದ ನೋಡಿದೀನಿ, ಹಂಗಾಗಿ ಬರೀತಿದೀನಿ. ಕಂಪನಿ ಹೆಸರು ಹಾಕಲ್ಲ. ಇಂಥ ಸರ್ವಿಸ್ ಕೊಡೋರು ಈಗ ಬೇಕಾದಷ್ಟು ಜನ ಇದಾರೆ, ಪ್ಯಾಕೇಜೂ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಅದ್ರಲ್ಲಿ ಯಾವುದು ಕೆಲಸಕ್ಕೆ ಬರುತ್ತೆ ಯಾವುದು ಬರಲ್ಲ ಅಂತ ಗೊತ್ತಾದ್ರೆ ಸಾಕು. ನಾವು ತಗೊಂಡ ಪ್ಯಾಕೇಜಲ್ಲಿ ಇದ್ದಿದ್ದು ಇಷ್ಟು: ಸ್ಕೂಲ್ ಶುರುವಾಗೋ ಮುಂಚೆ ಒಂದು ವರ್ಕ್‌ಶಾಪ್, ಆ್ಯಪಲ್ಲಿ ಆನ್‌ಲೈನ್ ಮಾಡ್ಯೂಲ್‌ಗಳು, ಮೆಂಟರ್ ಬಂದು ಕ್ಲಾಸ್ ನೋಡಿ ಟೀಚರ್ ಜೊತೆ ಕೂತು ಮಾತಾಡೋದು, ನಮ್ಮ ಸೀನಿಯರ್ ಟೀಚರ್‌ಗಳನ್ನೇ ಮೆಂಟರ್ ಆಗೋಕೆ ತಯಾರು ಮಾಡೋದು, ಮತ್ತೆ ಮ್ಯಾನೇಜ್‌ಮೆಂಟ್‌ಗೆ ಅಂತ ಒಂದು ಡ್ಯಾಶ್‌ಬೋರ್ಡು.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಮೆಂಟರ್ ಕ್ಲಾಸಿಗೆ ಬಂದು ಕೂರೋ ಭಾಗಕ್ಕೆ 5ಕ್ಕೆ 5. ವರ್ಕ್‌ಶಾಪ್‌ಗೆ 4. ಆ್ಯಪ್‌ಗೆ 2. ಡ್ಯಾಶ್‌ಬೋರ್ಡ್ ನಮಗೆ ಬೇಡವೇ ಬೇಡ. ಇನ್ನೊಂದು ಮಾತು, ಹೊಸ ಟೀಚರ್‌ಗೂ ಮೆಂಟರ್‌ಗೂ ಪೀರಿಯಡ್ ಬಿಡಿಸಿ ಕೊಡೋಕೆ ನಿಮ್ಮ ಸ್ಕೂಲು ರೆಡಿ ಇಲ್ಲ ಅಂದ್ರೆ ಈ ಸರ್ವಿಸ್ ತಗೋಬೇಡಿ, ಖಂಡಿತ ವೇಸ್ಟು.

ಇಷ್ಟೆಲ್ಲ ಯಾಕೆ ಬೇಕು ಅನ್ನೋರು ನಮ್ಮ ಸ್ಟಾಫ್ ರೂಮಲ್ಲೂ ಇದ್ರು. ನಾವೆಲ್ಲ ಹಂಗೇ ಕಲಿತ್ವಿ, ಇವ್ರೂ ಕಲೀತಾರೆ ಬಿಡಿ ಅಂತ. ಆದ್ರೆ ಹೊಸಬ್ರಿಗೆ ನಾವು ಏನು ಕೊಡ್ತೀವಿ ಅಂತ ಸ್ವಲ್ಪ ನೋಡಿ. ಸೀನಿಯರ್‌ಗಳು ಬೇಕಾದ ಸೆಕ್ಷನ್ ಆರಿಸ್ಕೊಂಡ ಮೇಲೆ ಉಳಿಯೋ ಗಲಾಟೆ ಸೆಕ್ಷನ್ ಇವ್ರಿಗೆ, ಊಟ ಆದ್ಮೇಲಿನ ಪೀರಿಯಡ್ ಇವ್ರಿಗೆ, ಯಾರಾದ್ರೂ ರಜೆ ಅಂದ್ರೆ ಸಬ್‌ಸ್ಟಿಟ್ಯೂಷನ್ ಇವ್ರಿಗೆ, ವಾರ್ಷಿಕೋತ್ಸವಕ್ಕೆ ಡ್ಯಾನ್ಸ್ ಕಲಿಸೋದೂ ಇವ್ರೇ, ವಯಸ್ಸು ಚಿಕ್ಕದು ಓಡಾಡ್ತಾರೆ ಅಂತ. ಡಾಕ್ಟರ್ ಓದಿದವ್ರಿಗೆ ಮೊದಲ ದಿನವೇ ಅತೀ ಕಷ್ಟದ ಕೇಸ್ ಕೊಟ್ಟು ಬಾಗಿಲು ಹಾಕ್ಕೊಂಡು ಹೋಗಲ್ಲ, ಟೀಚರ್‌ಗೆ ಮಾತ್ರ ಅದನ್ನೇ ಮಾಡ್ತೀವಿ. ಯುನೆಸ್ಕೋ 2024ರಲ್ಲಿ ಟೀಚರ್‌ಗಳ ಬಗ್ಗೆ ಒಂದು ಜಾಗತಿಕ ವರದಿ ಬಿಟ್ಟಿತು, 2030ರ ಹೊತ್ತಿಗೆ ಪ್ರಪಂಚಕ್ಕೆ ಇನ್ನೂ 4.4 ಕೋಟಿ ಪ್ರೈಮರಿ ಮತ್ತು ಸೆಕೆಂಡರಿ ಟೀಚರ್‌ಗಳು ಬೇಕು ಅಂತ, ಅದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಬಿಟ್ಟು ಹೋಗೋರ ಜಾಗ ತುಂಬೋಕೇ ಬೇಕಂತೆ. ಅಂದ್ರೆ ಹೊಸಬ್ರನ್ನ ಹುಡುಕೋದು ಎಷ್ಟು ಮುಖ್ಯವೋ ಇರೋರನ್ನ ಉಳಿಸ್ಕೊಳ್ಳೋದೂ ಅಷ್ಟೇ ಮುಖ್ಯ, ಮತ್ತೆ ಅದು ನಮ್ಮ ಕೈಯಲ್ಲೇ ಇರೋ ಕೆಲಸ.

ಇನ್ನು ವರ್ಕ್‌ಶಾಪ್ ಬಗ್ಗೆ. ಇದು ನನಗೆ ನಿಜವಾಗ್ಲೂ ಇಷ್ಟ ಆಯ್ತು. ಟೀಚರ್ ಟ್ರೈನಿಂಗ್ ಮಾಡಿದವ್ರಿಗೆಲ್ಲ ಮೈಕ್ರೋ ಟೀಚಿಂಗ್ ಅಂದ್ರೆ ಗೊತ್ತಿರುತ್ತೆ, 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಲ್ಲಿ ಡ್ವೈಟ್ ಆ್ಯಲನ್ ಮತ್ತು ಅವ್ರ ಜೊತೆಯವ್ರು ಶುರು ಮಾಡಿದ್ದು. ಮೂಲ ಯೋಚನೆ ತುಂಬ ಚೆನ್ನಾಗಿದೆ: ಕೆಲವೇ ನಿಮಿಷ, ಕೆಲವೇ ವಿದ್ಯಾರ್ಥಿಗಳು, ಒಂದೇ ಒಂದು ಕೌಶಲ, ಪಾಠ ಮಾಡು, ಏನಾಯ್ತು ಅಂತ ಕೇಳಿಸ್ಕೋ, ಅದೇ ಪಾಠ ಮತ್ತೆ ಮಾಡು. ಈ ಮತ್ತೆ ಮಾಡೋದು ಇದ್ಯಲ್ಲ, ಅದೇ ಅದರ ಜೀವ. ಆದ್ರೆ ಎಷ್ಟೋ ಟ್ರೈನಿಂಗ್ ಕಾಲೇಜುಗಳಲ್ಲಿ ಆಗೋದೇನು, ಕೌಶಲದ ಹೆಸರುಗಳನ್ನ ಬಾಯಿಪಾಠ ಮಾಡಿ, ರೆಕಾರ್ಡ್ ಬುಕ್ಕಲ್ಲಿ ನೀಟಾಗಿ ಬರೆದು, ಕ್ಲಾಸ್‌ಮೇಟ್‌ಗಳನ್ನೇ ಮಕ್ಕಳು ಅಂತ ಕೂರಿಸಿ ಒಂದು ಸಲ ಪಾಠ ಮಾಡಿ, ಸೈನ್ ಹಾಕಿಸ್ಕೊಂಡು ಮುಗಿಸ್ತಾರೆ. ಎರಡನೇ ಸಲ ಮಾಡಿಸೋಕೆ ಯಾರಿಗೂ ಪುರುಸೊತ್ತಿಲ್ಲ. ಈ ಸರ್ವಿಸ್‌ನವ್ರು ಆ ಎರಡನೇ ಸಲ, ಮೂರನೇ ಸಲಕ್ಕೇ ಜಾಸ್ತಿ ಟೈಮ್ ಕೊಟ್ರು. ವಿಷಯಗಳೂ ಸಣ್ಣಸಣ್ಣವು: ಮಕ್ಕಳು ಒಳಗೆ ಬರುವಾಗ ನೀವು ಎಲ್ಲಿ ನಿಂತ್ಕೋತೀರಿ, ಬೋರ್ಡ್ ಮೇಲೆ ಏನು ಬರೆದಿರುತ್ತೆ, ಪುಸ್ತಕ ತೆಗೀರಿ ಅಂತ ಹೇಳಿ ನೀವು ಬೋರ್ಡ್ ಕಡೆ ತಿರುಗಿಬಿಡ್ತೀರಾ ಇಲ್ಲ ಎಲ್ಲರೂ ತೆಗಿಯೋವರೆಗೂ ನೋಡ್ತಾ ನಿಲ್ತೀರಾ, ಯಾರೋ ಒಬ್ಬ ಎದ್ದು ಓಡಾಡಿದ್ರೆ ಕೂಗ್ತೀರಾ ಇಲ್ಲ ಪಾಠ ನಿಲ್ಲಿಸದೆ ಅವನ ಹತ್ರ ಹೋಗಿ ನಿಲ್ತೀರಾ. ಕೇಳೋಕೆ ಏನೂ ಅಲ್ಲ ಅನ್ಸುತ್ತೆ, ಆದ್ರೆ ಹೊಸ ಟೀಚರ್‌ಗಳು ಸ್ಟಾಫ್ ರೂಮಿಗೆ ಬಂದು ಕಣ್ಣೀರು ಹಾಕೋದು ಇಂಥ ವಿಷಯಕ್ಕೇ ಹೊರತು ಸಬ್ಜೆಕ್ಟ್ ಬರಲ್ಲ ಅಂತ ಅಲ್ಲ. 4 ಕೊಟ್ಟಿದ್ದು ಯಾಕಂದ್ರೆ ಕೊನೆ ಭಾಗದಲ್ಲಿ ಬರೀ ಸ್ಲೈಡ್ ಓದಿದ್ರು, ಅಲ್ಲಿ ಎಲ್ಲರಿಗೂ ನಿದ್ದೆ.

ಮಾಡ್ಯೂಲ್‌ಗಳ ಬಗ್ಗೆ ಜಾಸ್ತಿ ಹೇಳೋಕೇನಿಲ್ಲ. ವಿಡಿಯೋ ನೋಡಿ, ಕ್ವಿಜ್ ಮಾಡಿ, ಸರ್ಟಿಫಿಕೇಟ್ ತಗೊಳ್ಳಿ. ವಿಡಿಯೋದಲ್ಲಿ ಇರೋ ಕ್ಲಾಸಲ್ಲಿ ಒಂದು ಹಿಡಿ ಮಕ್ಕಳು, ಎಲ್ಲ ಸುಮ್ಮನೆ ಕೂತಿರ್ತಾರೆ, ಕಾರ್ಪೆಟ್ ಬೇರೆ. ಅದನ್ನ ನೋಡಿದ ಟೀಚರ್‌ಗೆ ನನ್ನ ಕ್ಲಾಸು ಹಿಂಗಿಲ್ವಲ್ಲ ಅಂತ ಬೇಜಾರಾಗುತ್ತೆ ಅಷ್ಟೆ. ರಾತ್ರಿ ಮನೆಗೆಲಸ ಮುಗಿಸಿ, ನೋಟ್ಸ್ ಕರೆಕ್ಷನ್ ಮುಗಿಸಿ, ಆಮೇಲೆ ಫೋನ್ ಹಿಡ್ಕೊಂಡು ಇದನ್ನ ನೋಡ್ಬೇಕು, ಬಾಕಿ ಇದ್ರೆ ಕೆಂಪು ಬಣ್ಣದಲ್ಲಿ ನೋಟಿಫಿಕೇಷನ್ ಬರುತ್ತೆ. ಒಬ್ರು ವಿಡಿಯೋ ಓಡಿಸಿ ಬಿಟ್ಟು ಅಡುಗೆ ಮಾಡ್ತಿದ್ರಂತೆ, ಅವ್ರನ್ನ ದೂರೋಕೆ ನನಗೆ ಮನಸ್ಸು ಬರ್ಲಿಲ್ಲ. ಆಮೇಲೆ ಕಂಪನಿಯವ್ರ ಜೊತೆ ಮಾತಾಡಿ ಕಡ್ಡಾಯ ಅನ್ನೋದನ್ನ ತೆಗೆಸಿದ್ವಿ, ಬೇಕಾದವ್ರು ಬೇಕಾದ್ದನ್ನ ನೋಡ್ಕೊಳ್ಳಲಿ ಅಂತ.

ಈಗ ಮೆಂಟರ್ ವಿಷಯಕ್ಕೆ ಬರ್ತೀನಿ. ನಮ್ಮ ಒಬ್ಬ ಹೊಸ ಮ್ಯಾತ್ಸ್ ಟೀಚರ್ ಭಿನ್ನರಾಶಿ ಪಾಠ ಮಾಡ್ತಿದ್ರು. ಮೆಂಟರ್ ಹಿಂದಿನ ಬೆಂಚಲ್ಲಿ ಕೂತ್ರು, ಅವ್ರ ಒಪ್ಪಿಗೆ ತಗೊಂಡು ನಾನೂ ಪಕ್ಕದಲ್ಲಿ ಕೂತೆ. ಮೆಂಟರ್ ಕೈಯಲ್ಲಿ ಟ್ಯಾಬ್ ಇಲ್ಲ, ದೊಡ್ಡ ಫಾರ್ಮ್ ಇಲ್ಲ, ಒಂದು ಹಾಳೆ ಮೇಲೆ ಬೆಂಚುಗಳ ಚಿತ್ರ ಬರ್ಕೊಂಡಿದ್ರು, ಟೀಚರ್ ಯಾವ ಮಗುವಿಗೆ ಪ್ರಶ್ನೆ ಕೇಳಿದ್ರೆ ಆ ಜಾಗದಲ್ಲಿ ಪೆನ್ಸಿಲಲ್ಲಿ ಒಂದು ಗೆರೆ. ಟೀಚರ್ 'ಒನ್ ಬೈ ಫೋರ್ ದೊಡ್ಡದಾ ಒನ್ ಬೈ ಏಟ್ ದೊಡ್ಡದಾ' ಅಂತ ಕೇಳಿದ್ರು, ಕೇಳಿ ಮುಗಿಯೋಷ್ಟರಲ್ಲಿ ಮುಂದಿನ ಬೆಂಚಿನವ್ರು 'ಒನ್ ಬೈ ಫೋರ್ ಮಿಸ್' ಅಂತ ಜೋರಾಗಿ ಕೂಗಿದ್ರು, ಗುಡ್ ಅಂತ ಹೇಳಿ ಟೀಚರ್ ಮುಂದಕ್ಕೆ ಹೋದ್ರು. ಮಕ್ಕಳು ಲೆಕ್ಕ ಮಾಡ್ತಿರುವಾಗ ಮೆಂಟರ್ ಎದ್ದು ಬೆಂಚುಗಳ ನಡುವೆ ಒಂದು ಸುತ್ತು ಹಾಕಿದ್ರು. ಹಿಂದಿನ ಸಾಲುಗಳಲ್ಲಿ ಸುಮಾರು ಮಕ್ಕಳು 1/8 ದೊಡ್ಡದು ಅಂತ ಬರೆದಿದ್ರು, ಯಾಕಂದ್ರೆ 4ಕ್ಕಿಂತ 8 ದೊಡ್ಡದಲ್ವಾ. ಪಾಠ ಮಾಡ್ತಿರೋ ಟೀಚರ್‌ಗೆ ಇದು ಕಾಣಿಸೋಕೆ ಸಾಧ್ಯನೇ ಇರ್ಲಿಲ್ಲ.

ಕ್ಲಾಸ್ ಮುಗಿದ ಮೇಲೆ ಖಾಲಿ ರೂಮಲ್ಲಿ ಇಬ್ರೂ ಕೂತ್ರು. ಮೆಂಟರ್ ಮೊದಲು ಕೇಳಿದ್ದು 'ಮಿಸ್, ಇವತ್ತಿನ ಪಾಠದಲ್ಲಿ ನಿಮಗೆ ಯಾವ ಜಾಗ ಸರಿ ಬಂತು ಅನ್ಸ್ತು, ಎಲ್ಲಿ ಕೈ ಜಾರ್ತು ಅನ್ಸ್ತು?' ಅಂತ. ಅವ್ರು ಹೇಳೋವರೆಗೂ ಸುಮ್ಮನಿದ್ರು. ಆಮೇಲೆ ಆ ಹಾಳೆ ಮುಂದಿಟ್ರು. ಗೆರೆಗಳೆಲ್ಲ ಮುಂದಿನ ಎರಡು ಸಾಲಲ್ಲೇ ಗುಂಪಾಗಿದ್ವು, ಹಿಂದೆ ಪೂರ್ತಿ ಬಿಳಿ ಹಾಳೆ. ಟೀಚರ್ ತಾವೇ ನೋಡಿ 'ಅಯ್ಯೋ, ಹಿಂದಿನವ್ರನ್ನ ನಾನು ಕೇಳೇ ಇಲ್ವಲ್ಲ' ಅಂದ್ರು. ಕ್ಲಾಸಲ್ಲಿ ತಪ್ಪು ಇನ್ನೂ ಇದ್ವು, ಬೋರ್ಡ್ ಮೇಲಿನ ಅಕ್ಷರ ಸಣ್ಣದಿತ್ತು, ಹೋಮ್‌ವರ್ಕ್ ಬೆಲ್ ಹೊಡೆದ ಮೇಲೆ ಕೊಟ್ರು, ಮೆಂಟರ್ ಅದ್ಯಾವುದನ್ನೂ ಎತ್ತಲೇ ಇಲ್ಲ. ಒಂದೇ ಒಂದು ವಿಷಯ ಹಿಡ್ಕೊಂಡ್ರು: ಪ್ರಶ್ನೆ ಕೇಳಿ, ಯಾರ ಹೆಸರೂ ಹೇಳ್ಬೇಡಿ, ಎಲ್ಲರೂ ರಫ್ ಬುಕ್ಕಲ್ಲಿ ಉತ್ತರ ಬರೀಲಿ, ನೀವು ಓಡಾಡಿ ನೋಡಿ, ಆಮೇಲೆ ಒಬ್ಬರ ಹೆಸರು ಕರೆದು ಕೇಳಿ. ಹೇಳಿ ಸುಮ್ಮನಾಗ್ಲಿಲ್ಲ, 'ಬನ್ನಿ, ಈಗ್ಲೇ ಮಾಡಿ ನೋಡಣ' ಅಂತ ತಾವು ಹಿಂದಿನ ಬೆಂಚಲ್ಲಿ ಮಗು ಥರ ಕೂತ್ರು. ಟೀಚರ್ ಪ್ರಶ್ನೆ ಕೇಳಿದ್ರು, ಒಂದು ಕ್ಷಣ ಮೌನ, ತಡ್ಕೊಳ್ಳೋಕಾಗದೆ ಉತ್ತರದ ಅರ್ಧ ತಾವೇ ಹೇಳ್ಬಿಟ್ರು. ಇಬ್ರೂ ನಕ್ರು, ಮತ್ತೆ ಮಾಡಿದ್ರು. ಬಾಯಿ ಮುಚ್ಕೊಂಡು ಕಾಯೋದು ಎಷ್ಟು ಕಷ್ಟ ಅಂತ ನಿಂತು ಮಾಡಿದವ್ರಿಗೇ ಗೊತ್ತು.

ಈ ಕಾಯೋ ವಿಷಯಕ್ಕೆ ಹಳೇ ಸಂಶೋಧನೆ ಇದೆ. ಅಮೆರಿಕದ ಮೇರಿ ಬಡ್ ರೋ ಅನ್ನೋರು ಸೈನ್ಸ್ ಕ್ಲಾಸ್‌ಗಳ ಟೇಪ್ ರೆಕಾರ್ಡಿಂಗ್ ಕೇಳಿ 1970ರ ದಶಕದಲ್ಲಿ ಬರೆದ್ರು, ಟೀಚರ್‌ಗಳು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಸುಮಾರು ಒಂದು ಸೆಕೆಂಡ್ ಅಷ್ಟೇ ಕಾಯ್ತಾರೆ, ಅದನ್ನ ಮೂರು ಸೆಕೆಂಡಿಗೆ ಏರಿಸಿದ್ರೆ ಮಕ್ಕಳ ಉತ್ತರ ಉದ್ದ ಆಗುತ್ತೆ, ಉತ್ತರನೇ ಕೊಡದೆ ಕೂರೋದು ಕಮ್ಮಿ ಆಗುತ್ತೆ ಅಂತ. ಇದು ಟ್ರೈನಿಂಗ್ ಕಾಲೇಜಲ್ಲೂ ಹೇಳ್ಕೊಡ್ತಾರೆ, ನಮ್ಮ ಟೀಚರ್ ಇದರ ಮೇಲೆ ಪರೀಕ್ಷೆಯಲ್ಲೂ ಬರೆದಿದ್ರಂತೆ. ಗೊತ್ತಿರೋದಕ್ಕೂ ಬೆಲ್ ಹೊಡೆದು ನಲವತ್ತು ಕಣ್ಣು ಜೋಡಿ ಮುಂದೆ ನಿಂತಾಗ ಕೈಗೆ ಬರೋದಕ್ಕೂ ಇರೋ ಅಂತರನೇ ಇಡೀ ಸಮಸ್ಯೆ, ಆ ಅಂತರ ವಿಡಿಯೋ ನೋಡಿ ಮುಚ್ಚಲ್ಲ, ಯಾರೋ ಪಕ್ಕದಲ್ಲಿ ನಿಂತು ಮಾಡಿಸ್ಬೇಕು. ಮುಂದಿನ ಭೇಟಿಯಲ್ಲಿ ಮೆಂಟರ್ ಹಾಳೆಯಲ್ಲಿ ಗೆರೆಗಳು ಹಿಂದಿನ ಬೆಂಚಿನವರೆಗೂ ಹೋಗಿದ್ವು. ವರ್ಷವಿಡೀ ಬಾಯಿ ಬಿಡದ ಒಬ್ಬ ಹುಡುಗ ಎದ್ದು ನಿಂತು 'ಎಂಟು ಪಾಲು ಮಾಡಿದ್ರೆ ಒಂದೊಂದು ಪಾಲು ಸಣ್ಣದಾಗುತ್ತಲ್ವಾ ಮಿಸ್' ಅಂದ. ಆ ಟೀಚರ್ ಮುಖ ನೋಡ್ಬೇಕಿತ್ತು ನೀವು.

ನಮ್ಮ ಒಂದು ಸ್ಕೂಲಿನ ಅನುಭವ ಅಂತ ತಳ್ಳಿಹಾಕೋರಿಗೆ ಇದನ್ನೂ ಹೇಳ್ತೀನಿ. 2018ರಲ್ಲಿ ಮ್ಯಾಥ್ಯೂ ಕ್ರಾಫ್ಟ್, ಡೇವಿಡ್ ಬ್ಲೇಜರ್, ಡೈಲನ್ ಹೋಗನ್ ಅನ್ನೋ ಮೂವರು ಟೀಚರ್ ಕೋಚಿಂಗ್ (ಟ್ಯೂಷನ್ ಅಲ್ಲ, ಇಂಥ ಮೆಂಟರಿಂಗೇ) ಬಗ್ಗೆ ಬಂದಿದ್ದ 60 ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದ್ರು. ಪಾಠ ಮಾಡೋ ರೀತಿಯಲ್ಲಿ 0.49 ಸ್ಟ್ಯಾಂಡರ್ಡ್ ಡೀವಿಯೇಷನ್ (ಒಬ್ರಿಗೂ ಇನ್ನೊಬ್ರಿಗೂ ಸಾಮಾನ್ಯವಾಗಿ ಎಷ್ಟು ವ್ಯತ್ಯಾಸ ಇರುತ್ತೆ ಅಂತ ತೋರಿಸೋ ಅಳತೆ), ಮಕ್ಕಳ ಕಲಿಕೆಯಲ್ಲಿ 0.18 ಸುಧಾರಣೆ ಕಂಡಿತು. ಶಿಕ್ಷಣದಲ್ಲಿ ಇದು ಸಣ್ಣ ಸಂಖ್ಯೆ ಅಲ್ಲ. ಆದ್ರೆ ಅದೇ ಪೇಪರಲ್ಲಿ ಇನ್ನೊಂದು ಮಾತಿದೆ, ಪ್ರೋಗ್ರಾಮ್ ದೊಡ್ಡದಾದಷ್ಟೂ, ಅಂದ್ರೆ ಟೀಚರ್‌ಗಳ ಸಂಖ್ಯೆ ಜಾಸ್ತಿ ಆದಷ್ಟೂ, ಪರಿಣಾಮ ಕಮ್ಮಿ ಆಗುತ್ತೆ ಅಂತ. ಗಂಟೆಗಟ್ಟಲೆ ಜಾಸ್ತಿ ಕೊಟ್ರೆ ಜಾಸ್ತಿ ಲಾಭ ಅನ್ನೋದಕ್ಕೂ ಅವ್ರಿಗೆ ಆಧಾರ ಸಿಗ್ಲಿಲ್ಲ. ಇದರ ಅರ್ಥ ನನ್ನ ಪ್ರಕಾರ ಮೆಂಟರ್ ಯಾರು, ಅವ್ರ ತಲೆ ಮೇಲೆ ಎಷ್ಟು ಜನ ಟೀಚರ್‌ಗಳಿದಾರೆ ಅನ್ನೋದೇ ಎಲ್ಲ. ನಮಗೆ ಬಂದ ಮೊದಲನೇ ಮೆಂಟರ್ ಚೆನ್ನಾಗಿ ಹೇಳ್ಕೊಡ್ತಿದ್ರು. ವರ್ಷದ ಮಧ್ಯದಲ್ಲಿ ಅವ್ರನ್ನ ಬೇರೆ ಕಡೆ ಹಾಕಿ ಇನ್ನೊಬ್ಬರನ್ನ ಕಳಿಸಿದ್ರು, ಅವ್ರಿಗೆ ಸ್ಕೂಲುಗಳು ಜಾಸ್ತಿ, ಬಂದು ಫಾರ್ಮ್ ತುಂಬಿ, ಎಲ್ಲ ಚೆನ್ನಾಗಿದೆ ಮಿಸ್ ಅಂತ ಹೇಳಿ ಹೊರಟುಬಿಡ್ತಿದ್ರು. ಅದೇ ಸರ್ವಿಸ್, ಅದೇ ಫಾರ್ಮ್, ಟೀಚರ್‌ಗಳಿಗೆ ಸಿಕ್ಕಿದ್ದು ಮಾತ್ರ ಏನೂ ಇಲ್ಲ. ಬಲವಾಗಿ ಕೇಳಿದ ಮೇಲೆ ಮೊದಲನೆಯವ್ರನ್ನ ವಾಪಸ್ ಕೊಟ್ರು.

ಫಾರ್ಮ್ ಅಂದ ಕೂಡ್ಲೇ ನೆನಪಾಯ್ತು, ನಮ್ಮದೇ ವಿಶೇಷ ಅಬ್ಸರ್ವೇಷನ್ ಟೂಲ್ ಅಂತ ಹೇಳಿ ಮಾರೋರನ್ನ ನಂಬಿ ಅದಕ್ಕೇ ಅಂತ ಜಾಸ್ತಿ ದುಡ್ಡು ಕೊಡ್ಬೇಡಿ. ವರ್ಲ್ಡ್ ಬ್ಯಾಂಕಿನ 'ಟೀಚ್' ಅನ್ನೋ ಟೂಲ್ 2019ರಿಂದ ಫ್ರೀಯಾಗೇ ಸಿಗುತ್ತೆ, ಎರಡು ಸಲ 15 ನಿಮಿಷ ಕ್ಲಾಸ್ ನೋಡೋದು, ಕ್ಲಾಸಿನ ವಾತಾವರಣ, ಪಾಠ, ಮಕ್ಕಳ ಸಾಮಾಜಿಕ ಭಾವನಾತ್ಮಕ ಕೌಶಲ ಅಂತ ಮೂರು ಭಾಗ, ಒಟ್ಟು 9 ಅಂಶ. ಬೇಕಾದ್ರೆ ಅದನ್ನೇ ಓದಿ ನಿಮಗೆ ಬೇಕಾದ್ದನ್ನ ತಗೊಳ್ಳಿ.

ಟೈಮ್‌ಟೇಬಲ್ ಮಾತು. ಯಾವ ಬ್ರೋಷರಲ್ಲೂ ಇದು ಇರಲ್ಲ, ಆದ್ರೆ ನನ್ನ ಕಣ್ಣಲ್ಲಿ ಅರ್ಧ ಕೆಲಸ ಇಲ್ಲೇ ಇದೆ. ಕ್ಲಾಸ್ ನೋಡಿದ ದಿನವೇ ಕೂತು ಮಾತಾಡ್ಬೇಕು, ಅದಕ್ಕೆ ಟೀಚರ್‌ಗೆ ಮುಂದಿನ ಪೀರಿಯಡ್ ಖಾಲಿ ಇರ್ಬೇಕು, ಮತ್ತೆ ಆ ಖಾಲಿ ಪೀರಿಯಡ್‌ಗೆ ಸಬ್‌ಸ್ಟಿಟ್ಯೂಷನ್ ಹಾಕ್ಬಾರ್ದು. ಇಂಗ್ಲೆಂಡಲ್ಲಿ 2021ರಿಂದ ಹೊಸ ಟೀಚರ್‌ಗಳಿಗೆ ಎರಡು ವರ್ಷದ ಇಂಡಕ್ಷನ್ (ಕೆಲಸಕ್ಕೆ ಸೇರಿದ ಶುರುವಿನ ತರಬೇತಿ ಅವಧಿ) ಮಾಡಿದಾರೆ, ಮೊದಲ ವರ್ಷ ಪಾಠದ ಹೊರೆಯಲ್ಲಿ 10% ಕಡಿತ, ಎರಡನೇ ವರ್ಷ 5%, ಜೊತೆಗೆ ಒಬ್ಬ ಮೆಂಟರ್. ಅಲ್ಲೂ ಮೆಂಟರ್‌ಗಳ ದೊಡ್ಡ ದೂರು ನಮಗೆ ಟೈಮ್ ಸಾಕಾಗಲ್ಲ ಅನ್ನೋದೇ. ಸರ್ಕಾರನೇ ನಿಯಮ ಮಾಡಿದ ಕಡೆ ಹಿಂಗಾದ್ರೆ ನಿಯಮನೇ ಇಲ್ಲದ ಕಡೆ ಹೆಂಗಿರುತ್ತೆ ಯೋಚಿಸಿ. ನಾನು ಮೆಂಟರ್ ಬರೋ ದಿನದ ಪೀರಿಯಡ್‌ಗಳನ್ನ ಬೇರೆ ಬಣ್ಣದಲ್ಲಿ ಗುರುತು ಮಾಡಿ, ಇದನ್ನ ಯಾರೂ ಮುಟ್ಟೋ ಹಾಗಿಲ್ಲ ಅಂತ ಹೆಡ್ ಮೇಡಂ ಕೈಲಿ ಸೈನ್ ಹಾಕಿಸಿ ಸ್ಟಾಫ್ ರೂಮಲ್ಲಿ ಅಂಟಿಸಿದೆ. ಕೆಲವ್ರಿಗೆ ಸಿಟ್ಟು ಬಂತು, ಆದ್ರೂ ನಿಂತಿತು.

ಡ್ಯಾಶ್‌ಬೋರ್ಡ್ ನಮಗೆ ಯಾಕೆ ಬೇಡ ಅಂತ ಹೇಳ್ಬೇಕು. ಮೆಂಟರ್ ಬರೆದ ಟಿಪ್ಪಣಿ ಎಲ್ಲ ಸ್ಕೋರ್ ಆಗಿ, ಟೀಚರ್ ಹೆಸರಿನ ಮುಂದೆ ಹಸಿರು ಹಳದಿ ಕೆಂಪು ಅಂತ ಮ್ಯಾನೇಜ್‌ಮೆಂಟ್‌ಗೆ ಕಾಣಿಸ್ತಿತ್ತು. ಇದು ಟೀಚರ್‌ಗಳಿಗೆ ಗೊತ್ತಾದ ದಿನದಿಂದ ಮೆಂಟರ್ ಬರ್ತಾರೆ ಅಂದ್ರೆ ಸಾಕು, ಹಿಂದಿನ ದಿನವೇ ಮಕ್ಕಳಿಗೆ ಉತ್ತರ ಹೇಳ್ಕೊಟ್ಟು ರಿಹರ್ಸಲ್ ಮಾಡ್ಸೋಕೆ ಶುರು ಮಾಡಿದ್ರು. ಇನ್‌ಕ್ರಿಮೆಂಟ್ ಇದ್ರ ಮೇಲೆ ನಿಂತಿದೆ ಅಂತ ಅನುಮಾನ ಬಂದ ಮೇಲೆ ಯಾರು ತಾನೇ ನನಗೆ ಈ ಜಾಗ ಬರಲ್ಲ ಅಂತ ಬಾಯಿ ಬಿಟ್ಟು ಹೇಳ್ತಾರೆ? ಕಲಿಸೋಕೆ ಬಂದವ್ರು ಬೇರೆ, ಅಳೆಯೋಕೆ ಬಂದವ್ರು ಬೇರೆ ಆಗಿರ್ಲೇಬೇಕು. ಹೆಡ್ ಮೇಡಂ ಇದನ್ನ ಅರ್ಥ ಮಾಡ್ಕೊಂಡು ಮ್ಯಾನೇಜ್‌ಮೆಂಟ್ ಜೊತೆ ಮಾತಾಡಿ ಅದನ್ನ ನಿಲ್ಲಿಸಿದ್ರು, ಭೇಟಿ ಆಯ್ತಾ ಇಲ್ವಾ ಅನ್ನೋದಷ್ಟೇ ಮೇಲಕ್ಕೆ ಹೋಗುತ್ತೆ ಈಗ. ಕಂಪನಿಯವ್ರು ಮೊದಲು ಸಾಫ್ಟ್‌ವೇರಲ್ಲಿ ಆಗಲ್ಲ ಅಂದ್ರು, ಆಮೇಲೆ ಆಯ್ತು. ವಿಡಿಯೋ ರೆಕಾರ್ಡಿಂಗ್ ವಿಷಯದಲ್ಲೂ ಹಿಂಗೇ, ಮಕ್ಕಳ ಮುಖ ಇರೋ ವಿಡಿಯೋ ಎಲ್ಲಿ ಇಡ್ತೀರಿ, ಯಾವಾಗ ಅಳಿಸ್ತೀರಿ ಅಂತ ಕೇಳಿದ್ರೆ ನೇರ ಉತ್ತರ ಬರ್ಲಿಲ್ಲ, ಬರವಣಿಗೆಯಲ್ಲಿ ಕೊಡೋವರೆಗೂ ನಾವು ರೆಕಾರ್ಡಿಂಗ್‌ಗೆ ಒಪ್ಪಲಿಲ್ಲ.

ಕೊನೇದಾಗಿ ನಮ್ಮ ಸೀನಿಯರ್‌ಗಳನ್ನ ಮೆಂಟರ್ ಮಾಡೋ ಭಾಗ. ಚೆನ್ನಾಗಿ ಪಾಠ ಮಾಡೋರೆಲ್ಲ ಚೆನ್ನಾಗಿ ಹೇಳ್ಕೊಡ್ತಾರೆ ಅಂತೇನಿಲ್ಲ. ಇಪ್ಪತ್ತು ವರ್ಷದ ಅನುಭವ ಇರೋರು ಕ್ಲಾಸ್ ನೋಡಿ ಬಂದು 'ನಾನಾಗಿದ್ರೆ ಹಿಂಗೆ ಮಾಡ್ತಿದ್ದೆ' ಅಂತ ಶುರು ಮಾಡಿದ್ರೆ ಎದುರಿಗಿರೋ ಹುಡುಗಿ ತಲೆ ಆಡಿಸ್ತಾಳೆ, ಒಳಗೆ ಕುಗ್ಗಿ ಹೋಗ್ತಾಳೆ. ಸರ್ವಿಸ್‌ನವ್ರು ನಮ್ಮ ಸೀನಿಯರ್‌ಗಳಿಗೆ ಮೊದಲು ಕೇಳೋದು, ಕಂಡಿದ್ದನ್ನಷ್ಟೇ ಹೇಳೋದು, ಒಂದೇ ವಿಷಯ ಹಿಡಿಯೋದು ಅಭ್ಯಾಸ ಮಾಡಿಸಿದ್ರು. ಜಪಾನಲ್ಲಿ ಪಾಠ ಅಧ್ಯಯನ ಅಂತ ಬಹಳ ಹಳೇ ಪದ್ಧತಿ ಇದೆ, ಟೀಚರ್‌ಗಳು ಒಟ್ಟಿಗೆ ಒಂದು ಪಾಠ ತಯಾರು ಮಾಡಿ, ಒಬ್ರು ಮಾಡ್ತಾರೆ, ಉಳಿದವ್ರು ಕ್ಲಾಸಲ್ಲಿ ನಿಂತು ಮಕ್ಕಳು ಏನು ಯೋಚಿಸ್ತಿದಾರೆ ಅಂತ ಬರ್ಕೊಳ್ತಾರೆ, ಆಮೇಲೆ ಚರ್ಚೆ ಆ ಪಾಠದ ಬಗ್ಗೆ, ಮಾಡಿದವ್ರ ಬಗ್ಗೆ ಅಲ್ಲ. ನಮ್ಮ ಮ್ಯಾತ್ಸ್‌ನವ್ರು ಇದನ್ನ ಒಂದು ಸಲ ಮಾಡಿ ನೋಡಿದ್ರು, ಸೀನಿಯರ್ ಸರ್ ಒಬ್ರು ತಾವೇ ಮುಂದೆ ಬಂದು ನನ್ನ ಕ್ಲಾಸ್ ನೋಡಿ ಅಂದ್ರು, ಹೊಸಬ್ರ ಭಯ ಅರ್ಧ ಅಲ್ಲೇ ಹೋಯ್ತು. ಪ್ಯಾಕೇಜಲ್ಲಿ ಇದು ಸಣ್ಣ ಭಾಗ ಆಗಿತ್ತು, ದೊಡ್ಡದು ಆಗ್ಬೇಕಿತ್ತು ಅನ್ನೋದೇ ನನ್ನ ದೊಡ್ಡ ದೂರು, ಯಾಕಂದ್ರೆ ಕಂಪನಿ ಇವತ್ತಿರುತ್ತೆ ನಾಳೆ ಇರಲ್ಲ, ನಮ್ಮ ಸೀನಿಯರ್‌ಗಳು ಸ್ಕೂಲಲ್ಲೇ ಇರ್ತಾರೆ.

ಈ ವರ್ಷ ಮುಂದುವರಿಸ್ತಿದೀವಿ, ಆದ್ರೆ ಆ್ಯಪ್, ಡ್ಯಾಶ್‌ಬೋರ್ಡ್ ಬಿಟ್ಟು. ಮೆಂಟರ್ ಭೇಟಿ ಮತ್ತು ಸೀನಿಯರ್‌ಗಳ ತರಬೇತಿ ಮಾತ್ರ. ಮೆಂಟರ್ ಆಗೋ ಸೀನಿಯರ್‌ಗಳಿಗೆ ಪೀರಿಯಡ್ ಕಮ್ಮಿ ಮಾಡಿದೀನಿ, ಗಲಾಟೆ ಸೆಕ್ಷನ್ ಹೊಸಬ್ರಿಗೆ ಹಾಕಿಲ್ಲ. ನೀವು ತಗೊಳ್ಳೋ ಯೋಚನೆಯಲ್ಲಿದ್ರೆ ಸೈನ್ ಹಾಕೋ ಮುಂಚೆ ಇಷ್ಟು ಕೇಳಿ: ಒಬ್ಬ ಮೆಂಟರ್‌ಗೆ ಎಷ್ಟು ಟೀಚರ್‌ಗಳು, ವರ್ಷ ಪೂರ್ತಿ ಅದೇ ಮೆಂಟರ್ ಬರ್ತಾರಾ, ಅವ್ರು ಸ್ವತಃ ಎಷ್ಟು ವರ್ಷ ಪಾಠ ಮಾಡಿದಾರೆ, ಅವ್ರ ಟಿಪ್ಪಣಿ ಯಾರ ಕೈಗೆ ಹೋಗುತ್ತೆ. ಡೆಮೋ ಅಂತ ಆ್ಯಪ್ ತೋರಿಸೋಕೆ ಬಂದ್ರೆ ಲ್ಯಾಪ್‌ಟಾಪ್ ಮುಚ್ಚಿಸಿ, ನಮ್ಮ ಒಬ್ಬ ಟೀಚರ್ ಕ್ಲಾಸಲ್ಲಿ ಕೂತು ನೋಡಿ, ಆಮೇಲೆ ಅವ್ರ ಜೊತೆ ಮಾತಾಡಿ ತೋರ್ಸಿ ಅನ್ನಿ. ಮಾತು ಮುಗಿಸಿ ಹೊರಗೆ ಬಂದ ಟೀಚರ್ ಹತ್ರ ಇವ್ರು ಮತ್ತೆ ಬರ್ಬೇಕಾ ಅಂತ ಕೇಳಿ, ಬೇಡ ಅಂದ್ರೆ ಅಲ್ಲಿಗೇ ಬಿಡಿ.